ಪ್ರವಾಸಿಯ ಪಾದರಕ್ಷೆ

ಹಂಪೆಯ ವಿರೂಪಾಕ್ಷನ ಸನ್ನಿಧಿಯಿಂದ ಹೊರಟು, ತೇರುಬೀದಿಯ ಉದ್ದಕ್ಕೂ ಪೂರ್ವಾಭಿಮುಖವಾಗಿ ನಡೆದು, ಎದುರು ಬಸವಣ್ಣನನ್ನು ಕಂಡು, ಅಲ್ಲಿಂದ ತುಂಗಭದ್ರೆಯ ದಡವನ್ನು ಹಿಡಿದು ಕೋದಂಡರಾಮನ ಗುಡಿ, ಸುಗ್ರೀವನ ಗುಹೆ, ಅರಸರ ತುಲಾಭಾರ ಇವುಗಳನ್ನು ದಾಟಿ ವಿಜಯವಿಠ್ಠಲನ ದೇವಾಲಯವನ್ನು ಸೇರುವ ಹಾದಿಯು ಸುಮಾರು 2 ಕಿಲೋಮೀಟರಿನಷ್ಟೇ ಉದ್ದದ್ದಾದರೂ, ಕಾಲ್ನಡಿಗೆಯಿಂದ ಮಾತ್ರವೇ ಅನುಭವಕ್ಕೆ ಬರತಕ್ಕ ಹಾದಿಗಳಲ್ಲಿ ಅದಕ್ಕೆ ಸಮನಾದುದು ನಮ್ಮ ನಾಡಿನಲ್ಲಿ ಬೇರೊಂದಿಲ್ಲವೆಂದು ನಾನು ನಂಬಿದ್ದೇನೆ. ಕೆಲವು ವರ್ಷಗಳ ಹಿಂದೆ ಮನೆಮಂದಿಯೆಲ್ಲ ಆ ಹಾದಿಯಲ್ಲಿ ನಡೆದಾಗ, ಕೋದಂಡರಾಮನ ಗುಡಿಯವರೆಗೂ ಎಲ್ಲರಿಗಿಂತ ಮುಂದಿದ್ದ ನಮ್ಮ ಅತ್ತಿಗೆಯವರು ಕ್ರಮೇಣ ಹಿಂದುಳಿದು, ಮಾತು ಕಡಿಮೆಮಾಡಿ, ತುಲಾಭಾರದ ಕಂಬಗಳು ಕಾಣುವ ಹೊತ್ತಿಗೆ ಒಂದು ಬಂಡೆಯ ಮೇಲೆ ಕುಳಿತುಬಿಟ್ಟರು. “ನೀವೆಲ್ಲ ಹೋಗಿ ನೋಡ್ಕೊಂಡು ಬನ್ನಿ, ನಾನು ಇಲ್ಲೇ ಕೂತಿರ್ತೀನಿ” ಎಂದರು. ಪ್ರವಾಸಕ್ಕೆಂದು ಹೊರಡುವ ಹಿಂದಿನ ದಿನ ಕೊಂಡಿದ್ದ ಬೂಟನ್ನು ಬಿಚ್ಚಿಸಿ ನೋಡಿದರೆ, ಎರಡು ಹಿಮ್ಮಡಿಗಳಲ್ಲಿಯೂ ಹುಣಸೆಬೀಜದ ಗಾತ್ರದ ಬೊಬ್ಬೆಗಳೆದ್ದು, ಬಲಗಾಲಿನದು ಒಡೆದು ಕಾಲುಚೀಲಕ್ಕೆ ಅಂಟಿಕೊಂಡಿತ್ತು. 50 ರೂಪಾಯಿಯ ನೋಟಿನಲ್ಲಿ ದಿನವೂ ಕಾಣುವ ಆ ಕಲ್ಲಿನ ರಥವನ್ನು ಕಣ್ಣಾರೆ ನೋಡಬೇಕೆಂದು ಬಹುಕಾಲದಿಂದ ಹಂಬಲಿಸಿದ್ದ ಆಕೆ, ರಥವು ಕೂಗಳತೆಯಷ್ಟು ದೂರದಲ್ಲಿರುವಾಗ, ಅದನ್ನು ನೋಡದೆಯೇ ಹಿಂತಿರುಗಬೇಕಾಯಿತು.

ಈ ವಿಷಯವನ್ನು ಪತ್ರಿಕೆಯಲ್ಲಿ ಪ್ರಸ್ತಾಪಿಸುವುದಕ್ಕೆ ಅಂದು ಕಂಡ ಆ ಮುಖವೇ ಕಾರಣ. ಪ್ರವಾಸವೆಂದರೆ ನಾವು ರೈಲಿನ ಟಿಕೆಟ್ಟನ್ನು ಎರಡು ತಿಂಗಳು ಮುಂಚೆಯೇ ಕಾದಿರಿಸುತ್ತೇವೆ. ಉಳಿದುಕೊಳ್ಳುವ ಕೋಣೆಯನ್ನು ಹತ್ತು ಜನರಲ್ಲಿ ವಿಚಾರಿಸಿ ಗೊತ್ತುಮಾಡುತ್ತೇವೆ. ಚಕ್ಕುಲಿ ಕೋಡುಬಳೆಗಳ ಡಬ್ಬಿಯನ್ನೂ ಮರೆಯುವುದಿಲ್ಲ. ಆದರೆ ಇಡೀ ದೇಹದ ಭಾರವನ್ನು ಬೆಳಗಿನಿಂದ ಸಂಜೆಯವರೆಗೆ ಹೊತ್ತು ತಿರುಗತಕ್ಕ ಪಾದಗಳಿಗೆ ಏನನ್ನು ತೊಡಿಸಬೇಕೆಂಬ ವಿಚಾರವು ಕಟ್ಟಕಡೆಗೆ ಉಳಿದು, ಹೊರಡುವ ಗಡಿಬಿಡಿಯಲ್ಲಿ, ಸೀರೆಯ ಅಥವಾ ಪ್ಯಾಂಟಿನ ಬಣ್ಣಕ್ಕೆ ಯಾವುದು ಒಪ್ಪುವುದೆಂಬ ಒಂದೇ ಮಾನದಂಡದಿಂದ ತೀರ್ಮಾನವಾಗುತ್ತದೆ. ಇದು ಸಣ್ಣ ಅಚಾತುರ್ಯವಲ್ಲ. ಕಾಲು ನೊಂದವನಿಗೆ ಶಿಲ್ಪವೂ ಕಾಣದು, ನದಿಯೂ ಕಾಣದು. ಮುಂದಿನ ಮೆಟ್ಟಿಲೊಂದೇ ಕಾಣುತ್ತದೆ.

ಹೊಸ ಮೆಟ್ಟು ಕಚ್ಚುತ್ತದೆಂದು ನಮ್ಮಲ್ಲಿ ಹೇಳುವ ಮಾತು ಎಷ್ಟು ಯಥಾರ್ಥವಾದುದೆಂಬುದನ್ನು ತಿಳಿಯಬೇಕಾದರೆ ಬೊಬ್ಬೆಯೇಳುವ ಬಗೆಯನ್ನು ತುಸು ಗಮನಿಸಬೇಕು. ಬೆವರಿನಿಂದ ಒದ್ದೆಯಾದ ಚರ್ಮದ ಮೇಲುಪದರವು ಕಾಲುಚೀಲಕ್ಕೂ ಬೂಟಿಗೂ ಅಂಟಿದಂತೆ ನಿಂತುಬಿಡುತ್ತದೆ. ಒಳಗಿನ ಎಲುಬು ಮಾತ್ರ ಹೆಜ್ಜೆಹೆಜ್ಜೆಗೂ ಹಿಂದುಮುಂದಾಗಿ ಸರಿಯುತ್ತಿರುತ್ತದೆ. ಇವೆರಡರ ನಡುವಣ ಜಗ್ಗಾಟಕ್ಕೆ ಸಿಕ್ಕಿದ ಚರ್ಮದ ಪದರಗಳು ಒಂದರಿಂದೊಂದು ಬಿಡಿಸಿಕೊಂಡು, ಆ ಸಂದಿನಲ್ಲಿ ನೀರು ತುಂಬುತ್ತದೆ. ಅಂದಮೇಲೆ ತೇವ, ಘರ್ಷಣೆ, ಸಡಿಲವಾದ ಹಿಮ್ಮಡಿ ಈ ಮೂರನ್ನು ತಪ್ಪಿಸಿದರೆ ಬೊಬ್ಬೆಯನ್ನು ಬಹುಮಟ್ಟಿಗೆ ತಪ್ಪಿಸಿದಂತೆಯೇ. ಹೊಸದನ್ನು ಕೊಂಡವರು ಎರಡು ಮೂರು ವಾರಗಳ ಕಾಲ ಮೊದಲು ಮನೆಯೊಳಗೆ, ಆಮೇಲೆ ಸಂತೆಗೆ, ಆಮೇಲೆ ಸಂಜೆಯ ತಿರುಗಾಟಕ್ಕೆ ಹಾಕಿಕೊಂಡು ಕಾಲಿಗೆ ಪಳಗಿಸಿದ ಹೊರತು ಪ್ರವಾಸಕ್ಕೆ ತೊಡಲೇಕೂಡದು. ಅಷ್ಟು ಸಮಯವಿಲ್ಲದಿದ್ದರೆ ಹಳೆಯದನ್ನೇ ಒರೆಸಿ ತೊಡುವುದು ಮೇಲು. ಆದರೆ ಹಳೆಯದೆಂದರೆ ನಿತ್ಯ ಬಳಕೆಯಲ್ಲಿರುವುದು. ನಾಲ್ಕಾರು ವರ್ಷ ಅಟ್ಟದ ಮೇಲೆ ಮಲಗಿದ್ದುದಲ್ಲ. ಪಾಲಿಯುರೆಥೇನಿನ ಅಟ್ಟೆಯು ಬಳಸದಿದ್ದಾಗಲೂ ಗಾಳಿಯ ತೇವವನ್ನು ಹೀರಿ ಒಳಗೊಳಗೇ ಶಿಥಿಲವಾಗುತ್ತ ಹೋಗಿ, ನೋಡುವುದಕ್ಕೆ ಹೊಸದರಂತಿದ್ದರೂ ನಡುದಾರಿಯಲ್ಲಿ ಹಳಸಿದ ರೊಟ್ಟಿಯಂತೆ ಪುಡಿಪುಡಿಯಾಗಿ ಉದುರುವುದುಂಟು.

ಕೊಳ್ಳುವ ಸಮಯವೂ ಮುಖ್ಯವೇ. ದಿನವೆಲ್ಲ ನಿಂತು ನಡೆದ ಮೇಲೆ ಪಾದವು ಸ್ವಲ್ಪ ಬಾತು ಅಗಲವಾಗುವುದರಿಂದ, ಬೆಳಿಗ್ಗೆ ಸರಿಹೋದ ಬೂಟು ಸಂಜೆಗೆ ಬಿಗಿಯಾಗುತ್ತದೆ. ಆದುದರಿಂದ ಅಂಗಡಿಗೆ ಸಂಜೆಯೇ ಹೋಗತಕ್ಕದ್ದು, ಪ್ರವಾಸದಲ್ಲಿ ಹಾಕಿಕೊಳ್ಳುವ ಕಾಲುಚೀಲವನ್ನೇ ಹಾಕಿಕೊಂಡು ಹೋಗತಕ್ಕದ್ದು. ಎಡಗಾಲು ಬಲಗಾಲುಗಳು ಅನೇಕರಲ್ಲಿ ಒಂದೇ ಅಳತೆಯವಲ್ಲ. ದೊಡ್ಡದಾದುದಕ್ಕೆ ಒಪ್ಪುವುದನ್ನೇ ಆರಿಸಬೇಕು. ಕುಳಿತು ನೋಡಿದರೆ ಸಾಲದು, ಎದ್ದುನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಎಡೆಯಿರಬೇಕು. ಇಲ್ಲವಾದರೆ ಅಂಜನಾದ್ರಿಯಂತಹ ಬೆಟ್ಟವನ್ನು ಇಳಿಯುವಾಗ ಬೆರಳ ತುದಿಗಳು ಹೆಜ್ಜೆಗೊಮ್ಮೆ ಮುಂಭಾಗಕ್ಕೆ ಬಡಿದು ಉಗುರು ಕಪ್ಪಾಗುತ್ತದೆ. ಕಿರುಬೆರಳು ಮಡಿಚಿಕೊಳ್ಳದೆ ಹಾಯಾಗಿರಬೇಕು, ಹಿಮ್ಮಡಿ ಮಾತ್ರ ಜಾರದೆ ಕುಳಿತಿರಬೇಕು. ಬೂಟನ್ನು ಕೈಯಲ್ಲಿ ಹಿಡಿದು ಬಾಗಿಸಿದರೆ ಬೆರಳುಗಳು ಪಾದವನ್ನು ಸೇರುವೆಡೆಯಲ್ಲಿ ಮಣಿಯಬೇಕಲ್ಲದೆ, ನಡುವೆ ಕಾಗದದಂತೆ ಮಡಿಸಿಕೊಳ್ಳಬಾರದು. ಕಂಪನಿಯಿಂದ ಕಂಪನಿಗೆ 7 ಎಂಬ ಅಂಕಿಯ ಅರ್ಥವೇ ಬೇರೆಯಾಗುವುದರಿಂದ ಅಂಕಿಯನ್ನು ನಂಬಬೇಡಿ. ಅಂಗಡಿಯಲ್ಲಿ ಹತ್ತು ನಿಮಿಷ ನಡೆದು ನೋಡಿ. “ಹಾಕ್ತಾ ಹಾಕ್ತಾ ಸರಿಹೋಗುತ್ತೆ” ಎಂಬ ಆಶ್ವಾಸನೆಯನ್ನು ಅಂಗಡಿಯವರು ಸದುದ್ದೇಶದಿಂದಲೇ ಕೊಟ್ಟರೂ, ಬಿಗಿಯಾದ ಬೂಟಿನ ಚರ್ಮವು ತುಸು ಸಡಿಲಬಹುದೇ ಹೊರತು ಅದರ ಉದ್ದವು ಬೆಳೆಯಲಾರದು.

ಇಷ್ಟೆಲ್ಲ ಲೋಕಸಾಮಾನ್ಯವಾದ ಮಾತಾಯಿತು. ನಮ್ಮ ನಾಡಿನ ಪ್ರವಾಸಿಗೆ ಇನ್ನೊಂದು ವಿಶೇಷವಾದ ಪರಿಸ್ಥಿತಿಯುಂಟು. ಶೀತದೇಶಗಳ ಪರ್ವತಗಳಿಗಾಗಿ ಹೊಲಿದ, ಗಿಣ್ಣಿನ ಮೇಲಕ್ಕೆ ಏರುವ ಭಾರವಾದ ಬೂಟುಗಳನ್ನು ಹೊಗಳುವವರು ಅದನ್ನು ಗಮನಿಸುವುದಿಲ್ಲ. ನಾವು ನೋಡಹೋಗುವ ಸ್ಥಳಗಳಲ್ಲಿ ಅರ್ಧಕ್ಕರ್ಧ ದೇವಾಲಯಗಳು, ಬಸದಿಗಳು, ದರ್ಗಾಗಳು. ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಒಂದೇ ದಿನದಲ್ಲಿ ಸುತ್ತುವವರು ಬೂಟನ್ನು ಎಷ್ಟು ಬಾರಿ ಬಿಚ್ಚಿ ಎಷ್ಟು ಬಾರಿ ಕಟ್ಟಬೇಕು! ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿಯೇ ಹತ್ತಿ 58 ಅಡಿಯ ಗೊಮ್ಮಟನ ಸಾನ್ನಿಧ್ಯವನ್ನು ಸೇರತಕ್ಕದ್ದು. ಬಿಸಿಲೇರಿದ ಮೇಲೆ ಆ ಬಂಡೆಯು ಹೆಂಚಿನಂತೆ ಕಾಯುವುದರಿಂದಲೇ ಬೆಟ್ಟದ ಬುಡದಲ್ಲಿ ಕಾಲುಚೀಲ ಮಾರುವವರು ನಿಂತಿರುತ್ತಾರೆ. ಹೀಗಿರುವಲ್ಲಿ ಹಿಮ್ಮಡಿಗೆ ಪಟ್ಟಿಯುಳ್ಳ, ಬೇಗ ಬಿಗಿದು ಬೇಗ ಸಡಿಲಿಸಬಹುದಾದ ಗಟ್ಟಿ ಸ್ಯಾಂಡಲ್ಲಾಗಲಿ, ಹಗುರವಾದ ಕ್ಯಾನ್ವಾಸಿನ ಅಥವಾ ಜಾಲರಿ ಬಟ್ಟೆಯ ಬೂಟಾಗಲಿ ನಮಗೆ ಹೆಚ್ಚು ಒಪ್ಪುತ್ತದೆಂಬುದು ನನ್ನ ಖಚಿತಾಭಿಪ್ರಾಯ. ಜೊತೆಗೆ ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ, ಮೆಟ್ಟನ್ನು ಹಾಕಿಕೊಳ್ಳಲು ಒಂದು ಬಟ್ಟೆಯ ಕೈಚೀಲ. ಬೆರಳ ಸಂದಿನ ಬಾರೊಂದನ್ನೇ ನಂಬಿದ ಹವಾಯಿ ಚಪ್ಪಲಿಯಲ್ಲಿ ದಿನವಿಡೀ ನಡೆಯುವವನು ಅದು ಜಾರಿಹೋಗದಂತೆ ಬೆರಳುಗಳಿಂದ ಕಚ್ಚಿಹಿಡಿದೇ ನಡೆಯಬೇಕಾಗುವುದರಿಂದ ಮೀನಖಂಡವು ಬೇಗ ಸೋಲುತ್ತದೆ.

ನಮ್ಮ ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಕರ್ಮಿಗಳು ಹೊಲಿಯುವ ಚರ್ಮದ ಚಪ್ಪಲಿಯ ವಿಷಯವನ್ನು ಇಲ್ಲಿ ಹೇಳದಿರಲಾರೆ. ಕೊಲ್ಹಾಪುರಿಯೆಂಬ ಹೆಸರಿನಿಂದ ಪ್ರಸಿದ್ಧವಾದ ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕವು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ನಾಲ್ಕು ಜಿಲ್ಲೆಗಳಿಗೂ ಅದರಲ್ಲಿ ಪಾಲು ಸಂದಿತು. ಎಣ್ಣೆ ಸವರಿ, ಕೆಲವು ದಿನ ತೊಟ್ಟು ಪಳಗಿಸಿದ ಮೇಲೆ ಅದು ತೊಟ್ಟವರ ಪಾದದ ಅಚ್ಚನ್ನೇ ಪಡೆಯುತ್ತದೆ. ಊರಿನ ಬೀದಿಗೆ ಅದರಷ್ಟು ತಂಪಾದ ಮೆಟ್ಟನ್ನು ನಾನರಿಯೆ. ಆ ಕೈಕೆಲಸದ ಮೇಲಣ ಗೌರವದಿಂದಲೇ ಹೇಳುತ್ತೇನೆ, ನಯವಾದ ಚರ್ಮದ ಅಟ್ಟೆಯನ್ನು ಮಾತಂಗ ಪರ್ವತದ ಇಳಿಜಾರು ಬಂಡೆಗೂ, ಮಳೆಗಾಲದ ಚಿತ್ರದುರ್ಗದ ಕೋಟೆಗೂ ಕೊಂಡೊಯ್ಯಬಾರದು. ಕಲ್ಲಿನ ಮೇಲೆ ಹಿಡಿತಕ್ಕೆ ಗೆರೆಗಳುಳ್ಳ ರಬ್ಬರಿನ ಅಟ್ಟೆಯೇ ಆಗಬೇಕು.

ಸಕ್ಕರೆ ಕಾಯಿಲೆಯುಳ್ಳವರ ವಿಷಯದಲ್ಲಿ ಮಾತ್ರ ನನ್ನ ಮಾತು ಸಲಹೆಯಲ್ಲ, ಕೈಮುಗಿದು ಮಾಡುವ ಪ್ರಾರ್ಥನೆ. ಆ ರೋಗದಲ್ಲಿ ಅಂಗಾಲಿನ ಸ್ಪರ್ಶಜ್ಞಾನವು ಕುಂದಿರಬಹುದಾದುದರಿಂದ ಬೂಟಿನೊಳಗಿನ ಹರಳೂ, ಕಾದ ಹಾಸುಗಲ್ಲೂ ಗಾಯಮಾಡಿದ್ದು ಗೊತ್ತಾಗುವುದೇ ಇಲ್ಲ. ಆ ಗಾಯ ಮಾಯುವುದೂ ನಿಧಾನ. ಅಂಥವರು ವೈದ್ಯರು ಹೇಳುವ, ಎಂ.ಸಿ.ಆರ್. ಎಂಬ ಮೃದುವಾದ ರಬ್ಬರಿನ ಚಪ್ಪಲಿಯನ್ನೋ ಮೆತ್ತನೆಯ ಬೂಟನ್ನೋ ಬಿಡದೆ ತೊಡಬೇಕು, ತೊಡುವ ಮುನ್ನ ಒಳಗೆ ಕೈಯಾಡಿಸಿ ನೋಡಬೇಕು, ರಾತ್ರಿ ಮಲಗುವ ಮುನ್ನ ಅಂಗಾಲನ್ನು ಮನೆಯವರಿಂದ ಪರೀಕ್ಷೆಮಾಡಿಸಬೇಕು, ದೇವರ ದರ್ಶನವನ್ನು ಬಿಸಿಲೇರುವುದಕ್ಕೆ ಮುಂಚೆಯೇ ಮುಗಿಸಬೇಕು.

ಹೊಣೆಯೆಲ್ಲ ಪ್ರವಾಸಿಯದೇ ಎಂದು ನಾನು ಹೇಳುತ್ತಿಲ್ಲ. ಕೆಲವು ದೇವಾಲಯಗಳ ಅಂಗಳದಲ್ಲಿ ತೆಂಗಿನ ನಾರಿನ ಚಾಪೆಯನ್ನು ಹಾಸಿ, ಅಥವಾ ಕಲ್ಲಿಗೆ ಬಿಳಿಯ ಬಣ್ಣ ಬಳಿದು, ಭಕ್ತರ ಕಾಲನ್ನು ಕಾಪಾಡಿದ್ದಾರೆ. ಎಲ್ಲೆಡೆಯೂ ಹಾಗೆ ಮಾಡುವುದಕ್ಕೆ ದೊಡ್ಡ ವೆಚ್ಚವೇನೂ ತಗಲದು. ಶಾಲೆಗಳವರಿಗೂ ಒಂದು ಮಾತು. ಡಿಸೆಂಬರ್ ಬಂತೆಂದರೆ ಹಂಪೆ, ಬಾದಾಮಿಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಅಟ್ಟೆ ಸವೆದು ನುಣುಪಾದ, ಹೋದ ವರ್ಷದ ಅಳತೆಯ ಕಪ್ಪು ಬೂಟಿನಲ್ಲಿ ಬಂಡೆಯ ಮೇಲೆ ಕುಂಟುವ ಮಕ್ಕಳನ್ನು ನಾನು ಪ್ರತಿಬಾರಿಯೂ ಕಾಣುತ್ತೇನೆ. ತಟ್ಟೆ, ಲೋಟ, ಹೊದಿಕೆಗಳ ಪಟ್ಟಿಯನ್ನು ಮನೆಗೆ ಕಳುಹಿಸುವ ಉಪಾಧ್ಯಾಯರು ಕಾಲಿಗೆ ಒಪ್ಪುವ ಮೆಟ್ಟನ್ನೂ ಆ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆಯಲಿ; ಹೊಸದು ಕೊಡಿಸಲಾಗದ ಮನೆಯ ಮಗುವಿಗೆ ಶಾಲೆಯೇ ಒಂದು ಜೊತೆಯನ್ನು ಒದಗಿಸುವ ದಾರಿ ಹುಡುಕಲಿ.

ಹೋದ ಮಾಘಮಾಸದಲ್ಲಿ ಅತ್ತಿಗೆಯವರನ್ನು ಕರೆದುಕೊಂಡು ಹಂಪೆಗೆ ಮತ್ತೆ ಹೋದೆ. ಅವರು ತೊಟ್ಟಿದ್ದುದು ದಿನವೂ ಹಾಲು ತರಲು ತೊಡುವ, ಬಣ್ಣ ಮಾಸಿದ ಬೂದು ಕ್ಯಾನ್ವಾಸಿನ ಬೂಟು. ಹಿಂದಿನ ಬಾರಿ ಕುಳಿತಿದ್ದ ಬಂಡೆಯನ್ನು ಗುರುತಿಸಿ, ಈ ಸಲವೂ ಅದರ ಮೇಲೆ ಕುಳಿತರು, ನನಗೆ ಗಾಬರಿಯಾಯಿತು. ಅವರು ದಾರವನ್ನು ಬಿಚ್ಚಿ, ಬಾತ ಕಾಲಿಗೆ ತಕ್ಕಂತೆ ಸಡಿಲಿಸಿ, ಮತ್ತೆ ಕಟ್ಟಿಕೊಂಡು, “ನಡಿಯಪ್ಪ, ರಥ ನೋಡೋಣ” ಎಂದು ಎದ್ದರು.