ಮೂರನೇ ಕಾಲು ಯಾರ ಪಾಲು?

ಮಹೇಶ್ ದತ್ತಾನಿ ಅಂದರೆ ಯಾರು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ನೋಡೋಣ. ಎದ್ದ ಕೈಗಳು ಒಂದು ಆಟೋದಲ್ಲಿ ಹಿಡಿಸುವಷ್ಟೂ ಇರಲಾರವು ಅಂತ ಬಾಜಿ ಕಟ್ಟುತ್ತೇವೆ. ಅವರೇನೂ ಲಂಡನ್ನಿನವರಲ್ಲ. 1958ರಲ್ಲಿ ಇದೇ ಬೆಂಗಳೂರಿನಲ್ಲಿ, ಗುಜರಾತಿ ಮನೆಯಲ್ಲಿ ಹುಟ್ಟಿದವರು. ಓದಿದ್ದು ಬಾಲ್ಡ್‌ವಿನ್ ಶಾಲೆ, ಸೇಂಟ್ ಜೋಸೆಫ್ ಕಾಲೇಜು. ಮೊದಲು ಜಾಹೀರಾತು ಕಂಪನಿಯಲ್ಲಿ ಕಾಪಿರೈಟರ್. ಅಂದರೆ ಸೋಪು, ಬಟ್ಟೆ, ಬಿಸ್ಕತ್ತುಗಳಿಗೆ ಮಾತು ಬರೆದು ಸಂಬಳ ಎಣಿಸುವ ಕೆಲಸ. ಆಮೇಲೆ ಅಪ್ಪನ ವ್ಯಾಪಾರ. 1984ರಲ್ಲಿ 'ಪ್ಲೇಪೆನ್' ಅನ್ನುವ ನಾಟಕ ತಂಡ. 1989ರಲ್ಲಿ 'ಡಾನ್ಸ್ ಲೈಕ್ ಎ ಮ್ಯಾನ್', 1990ರಲ್ಲಿ 'ತಾರಾ', ಎರಡೂ ಮೊದಲು ರಂಗ ಕಂಡದ್ದು ನಮ್ಮ ಚೌಡಯ್ಯ ಸ್ಮಾರಕ ಭವನದಲ್ಲಿ. 1998ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಇಂಗ್ಲಿಷ್ ನಾಟಕಕಾರನಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆಮೇಲೆ ಸಿನಿಮಾ: 2002ರಲ್ಲಿ 'ಮ್ಯಾಂಗೊ ಸೂಫ್ಲೆ', 2004ರಲ್ಲಿ 'ಮಾರ್ನಿಂಗ್ ರಾಗ'. ಎರಡಕ್ಕೂ ಬರವಣಿಗೆ ಅವರದೇ, ನಿರ್ದೇಶನವೂ ಅವರದೇ.

ಜಾಹೀರಾತು, ನಾಟಕ, ಸಿನಿಮಾ. ಒಬ್ಬ ಮನುಷ್ಯ, ಮೂರು ಕಸುಬು. ಮೂರೂ ಇಂಗ್ಲಿಷಿನಲ್ಲಿ.

'ಇಲ್ಲಿನ ನೀರು ಕುಡಿದು ಇಂಗ್ಲಿಷಲ್ಲಿ ಬರೆದ' ಅಂತ ಬಯ್ಯೋಣ ಅಂದುಕೊಂಡಿರಾ? ಸ್ವಲ್ಪ ತಡೆಯಿರಿ. ಆ ಬೈಗುಳ ಸುಲಭ, ಆದರೆ ಕೆಲಸಕ್ಕೆ ಬಾರದ್ದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರ ಮನೆಮಾತು ಮರಾಠಿ, ಕಾರ್ನಾಡರದು ಕೊಂಕಣಿ. ಅವರೆಲ್ಲ ಕನ್ನಡಕ್ಕೆ ಬಂದರು ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ. ಸರಿ. ಆದರೆ ಅವರಿಗೆ ಕನ್ನಡದಲ್ಲಿ ಬರಮಾಡಿಕೊಳ್ಳುವ ಮನೆಯೊಂದಿತ್ತು. ಧಾರವಾಡದ ಮನೋಹರ ಗ್ರಂಥಮಾಲೆಯಂಥ ಪ್ರಕಾಶನ ಇತ್ತು, ಓದುವ ಜನ ಇದ್ದರು. 1980ರ ಹೊತ್ತಿಗೆ ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದ ಹುಡುಗನ ಮುಂದೆ ಬರೆದು ಸಂಬಳ ತರುವ ಬಾಗಿಲು ಯಾವ ಭಾಷೆಯಲ್ಲಿ ತೆರೆದಿತ್ತು? ಜಗಳ ಆಡಬೇಕಾದದ್ದು ಆ ಬಾಗಿಲಿನ ಜೊತೆ.

ನಮ್ಮ ಕನ್ನಡದ ನಾಟಕಕಾರರ ಹೊಟ್ಟೆಪಾಡು ನೋಡಿ. ಲಂಕೇಶ್ ಇಂಗ್ಲಿಷ್ ಮೇಷ್ಟ್ರು. ಚಂಪಾ ಇಂಗ್ಲಿಷ್ ಮೇಷ್ಟ್ರು. ಕಂಬಾರರೂ ಮೇಷ್ಟ್ರೇ. 'ಯಯಾತಿ' ಬರೆದ ಕಾರ್ನಾಡರು ಮದರಾಸಿನಲ್ಲಿ ಆಕ್ಸ್‌ಫರ್ಡ್ ಪ್ರೆಸ್ಸಿನ ನೌಕರಿ ಮಾಡಿದರು. ಕನ್ನಡದಲ್ಲಿ ನಾಟಕ ಬರೆಯಬೇಕಾದರೆ ಹಗಲಿಡೀ ಇಂಗ್ಲಿಷ್ ಪಾಠ ಹೇಳಬೇಕು! ಕನ್ನಡದಲ್ಲೇ ಬರೆದು, ಕನ್ನಡದಲ್ಲೇ ಉಂಡು, ರಾತ್ರಿ ಕನ್ನಡ ನಾಟಕದ ತಾಲೀಮಿಗೆ ಹೋಗುವ ದಾರಿ ಪತ್ರಿಕೆ, ಸಿನಿಮಾ ಬಿಟ್ಟರೆ ಇರಲಿಲ್ಲ.

ಇದರಲ್ಲಿ ನಮ್ಮವರ ಸೊಕ್ಕೂ ಇದೆ, ಮುಚ್ಚುಮರೆ ಯಾಕೆ? ಜಾಹೀರಾತು ಅಂದರೆ ನಮ್ಮ ಸಾಹಿತಿಗಳಿಗೆ ಮೂಗು ಮುಚ್ಚಿಕೊಳ್ಳುವ ವಸ್ತು. ಲಂಕೇಶ್ 'ಸಂಕ್ರಾಂತಿ' ಬರೆದರು, 'ಪಲ್ಲವಿ' ಸಿನಿಮಾ ಮಾಡಿದರು, 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಜಾಹೀರಾತೇ ಬೇಡ ಅಂದರು. ಅದು ಅವರ ಗಂಡೆದೆ, ಅದಕ್ಕೆ ನಮಸ್ಕಾರ. ಹಂಗು ಬೇಡ ಅಂದವರ ಮಾತು ಬೇರೆ. ಆದರೆ ಉಳಿದವರು ಹಂಗನ್ನೂ ಬಿಡಲಿಲ್ಲ, ಕಸುಬನ್ನೂ ಕಲಿಯಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತಿಗೆ ಜಾಗ ಕೊಟ್ಟರು, ಅದರೊಳಗಿನ ಮಾತನ್ನು ಮುಂಬೈಗೆ ಬಿಟ್ಟುಕೊಟ್ಟರು.

ಆ ಮಾತು ಕನ್ನಡಕ್ಕೆ ಹೇಗೆ ಬರುತ್ತದೆ ಗೊತ್ತೆ? ಮುಂಬೈ, ದಿಲ್ಲಿಯ ಕಚೇರಿಯಲ್ಲಿ ಒಬ್ಬ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಯೋಚಿಸುತ್ತಾನೆ. ಕಂಪನಿ ಯಜಮಾನ ಒಪ್ಪುತ್ತಾನೆ. ಚಿತ್ರ ತೆಗೆದಾಗುತ್ತದೆ, ತುಟಿ ಆಡಿಸಿದ್ದಾಗುತ್ತದೆ. ಎಲ್ಲ ಮುಗಿದ ಮೇಲೆ ಕನ್ನಡದವನಿಗೆ ಕರೆ: 'ಸಂಜೆಯೊಳಗೆ ಮಾಡಿಕೊಡಿ'. ಮೂವತ್ತು ಸೆಕೆಂಡು ಅಂದರೆ ಮೂವತ್ತೇ. ತುಟಿ ಎಲ್ಲಿ ಮುಚ್ಚುತ್ತದೋ ಮಾತೂ ಅಲ್ಲೇ ಮುಚ್ಚಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಮಾತಿನ ಪೆಟ್ಟು ಬೀಳುವುದು ಅಲ್ಲಿ. ಇಂಗ್ಲಿಷಿನ ಜೋಕು ಶುರುವಿನಲ್ಲೇ ಸಿಡಿದಿರುತ್ತದೆ. ಪಾಪ, ಅನುವಾದಕ ಏನು ಮಾಡಿಯಾನು? ದುಡ್ಡೂ ಪದಗಳ ಲೆಕ್ಕದಲ್ಲಿ. ಆತನನ್ನು ಯಾರೂ ಬರಹಗಾರ ಅನ್ನುವುದಿಲ್ಲ. ಬರೆಯುವವನಿಗೆ ಕುರ್ಚಿ, ಅನುವಾದಕನಿಗೆ ಸ್ಟೂಲು.

ಅದಕ್ಕೇ ನಿಮ್ಮ ಮನೆ ಟಿವಿಯಲ್ಲಿ ಈ ಭಾಷೆ: 'ತ್ವಚೆ', 'ಕೇಶರಾಶಿ', 'ಕೀಟಾಣು'. ನಿಮ್ಮ ಅಮ್ಮ ಯಾವತ್ತಾದರೂ 'ಮಗನೇ, ನಿನ್ನ ತ್ವಚೆ ಒಡೆದಿದೆ' ಅಂದದ್ದುಂಟೆ? ಕೀಟಾಣು ಅನ್ನುವುದು ಹಿಂದಿಯಿಂದ ಹಾಗೇ ಬಂದು ನಮ್ಮ ಬಚ್ಚಲಲ್ಲಿ ಕೂತ ಪ್ರಾಣಿ. ಕೀಟ ಗೊತ್ತು, ಅಣು ಗೊತ್ತು, ಇದು ಯಾವ ಜಾತಿಯದು?

ತಮಾಷೆ ಕೇಳಿ. 1960ರ ದಶಕದಲ್ಲಿ ಅನಕೃ ಮೊದಲಾದವರು ಬೀದಿಗಿಳಿದು ಡಬ್ಬಿಂಗ್ ಸಿನಿಮಾ ತಡೆದರು. 2015ರಲ್ಲಿ ಸ್ಪರ್ಧಾ ಆಯೋಗ ತೀರ್ಪು ಕೊಡುವವರೆಗೂ ಆ ಬೇಲಿ ಗಟ್ಟಿಯಾಗಿತ್ತು. ಎರಡೂವರೆ ಗಂಟೆಯ ಡಬ್ಬಿಂಗಿಗೆ ಕಾವಲು ನಿಂತವರ ಕಾಲಡಿಯಲ್ಲೇ ಮೂವತ್ತು ಸೆಕೆಂಡಿನ ಡಬ್ಬಿಂಗು ನುಸುಳಿ, ಕನ್ನಡ ಧಾರಾವಾಹಿಗಳ ನಡುವೆ ದಿನಾ ಕುಣಿಯಿತು. ಅದಕ್ಕೆ ಯಾರೂ ಧಿಕ್ಕಾರ ಕೂಗಲಿಲ್ಲ.

ಈ ಕಸುಬಿನ ಒಳಗನ್ನು ದತ್ತಾನಿಯವರೇ ರಂಗದ ಮೇಲೆ ತೆರೆದಿಟ್ಟಿದ್ದಾರೆ. 1991ರ ನಾಟಕ 'ಬ್ರೇವ್ಲಿ ಫಾಟ್ ದ ಕ್ವೀನ್'. ಜಿತೇನ್, ನಿತಿನ್ ಅನ್ನುವ ಇಬ್ಬರು ಅಣ್ಣತಮ್ಮಂದಿರ ಜಾಹೀರಾತು ಕಂಪನಿ. ಹೆಂಗಸರ ಒಳಉಡುಪಿಗೆ ಜಾಹೀರಾತು ಮಾಡಿದ್ದಾರೆ. ಹೆಂಗಸರಿಗೇ ತೋರಿಸಿ ಕೇಳಿದರೆ ಅವರಿಗೆ ಹಿಡಿಸಿಲ್ಲ. ಕೆಲಸಗಾರ ಶ್ರೀಧರ್ ಅದನ್ನು ಹೇಳಿದರೆ ಜಿತೇನ್ ಕೇಳುವುದಿಲ್ಲ. ಅವನ ಲೆಕ್ಕದಲ್ಲಿ ಕೊಳ್ಳುವವನು ಗಂಡಸು, ಆದ್ದರಿಂದ ಗಂಡಸಿಗೆ ಹಿಡಿಸಿದರೆ ಸಾಕು. ತೊಡುವವಳ ಮಾತಿಗೆ ಬೆಲೆಯಿಲ್ಲ. ಆ ಕಚೇರಿಯೊಳಗೆ ಕೂತು ಬಂದವರಿಗೇ ಇಂಥ ದೃಶ್ಯ ಬರೆಯಲು ಸಾಧ್ಯ. ಹೆಂಗಸರ ಜಾಗದಲ್ಲಿ ಕನ್ನಡದವರನ್ನು ಇಟ್ಟು ನೋಡಿ. ಸೋಪು ಉಜ್ಜಿಕೊಳ್ಳುವವರು ನಾವು, ಮಾತು ಒಪ್ಪುವವನು ಮುಂಬೈಯ ಜಿತೇನ್.

'ತಾರಾ' ನಾಟಕವಂತೂ ಇನ್ನೂ ಹತ್ತಿರದ್ದು. ಅಪ್ಪ ಪಟೇಲ್ ಗುಜರಾತಿ, ಅಮ್ಮ ಭಾರತಿ ಕನ್ನಡದವಳು. ಅವಳಿಗೆ ಅಂಟಿಕೊಂಡು ಹುಟ್ಟಿದ ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು, ಇಬ್ಬರ ನಡುವೆ ಮೂರು ಕಾಲು. ಮೂರನೇ ಕಾಲಿಗೆ ರಕ್ತ ಹರಿಯುತ್ತಿದ್ದದ್ದು ಹೆಚ್ಚಾಗಿ ಹೆಣ್ಣು ಮಗುವಿನಿಂದ. ಆದರೂ ಬೆಂಗಳೂರಿನ ಪ್ರಭಾವಿ ತಾತ, ತಾಯಿ, ಡಾಕ್ಟರು ಸೇರಿ ಅದನ್ನು ಗಂಡಿಗೆ ಜೋಡಿಸುತ್ತಾರೆ. ಡಾಕ್ಟರಿಗೆ ಬೆಂಗಳೂರಿನಲ್ಲಿ ನರ್ಸಿಂಗ್ ಹೋಮಿಗೆ ಜಾಗ. ಗಂಡಿನ ಮೈಯಲ್ಲಿ ಆ ಕಾಲು ಎರಡು ದಿನ ಬದುಕಿ ಸತ್ತು ಹೋಗುತ್ತದೆ. ನಾಟಕ ಇರುವುದು ಹೆಣ್ಣುಮಗುವಿಗಾದ ಅನ್ಯಾಯದ ಮೇಲೆ, ಅದನ್ನು ನಾವು ಮರೆಯುವುದಿಲ್ಲ. ಆದರೂ ನಮ್ಮ ಪರಿಸ್ಥಿತಿಗೆ ಇದಕ್ಕಿಂತ ಸರಿಯಾದ ಮಾತು ಸಿಗಲಿಲ್ಲ. ನಾಟಕ, ಸಿನಿಮಾ ಅನ್ನುವ ಎರಡು ಕಾಲು ಕನ್ನಡಕ್ಕಿವೆ. ಮೂರನೇದು ಜಾಹೀರಾತು. ಅದಕ್ಕೆ ಹರಿಯುವ ರಕ್ತ ಕನ್ನಡ ಗಿರಾಕಿಯ ಜೇಬಿನದು, ಕಾಲು ಮಾತ್ರ ಬೇರೆಯವರ ಮೈಗೆ.

ಹೊರಗಿನವರ ಕಥೆ ಬಿಡಿ, ನಮ್ಮ ಸರ್ಕಾರದ್ದು ನೋಡಿ. 1916ರಲ್ಲಿ ಶುರುವಾದ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸೋಪಿಗೆ 2025ರಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6 ಕೋಟಿ 20 ಲಕ್ಷ ಕೊಟ್ಟು ರಾಯಭಾರಿ ಮಾಡಿದರು. ಊರೆಲ್ಲ ಗಲಾಟೆ: ಕನ್ನಡದ ನಟಿ ಸಿಗಲಿಲ್ಲವೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಮುಖ ಯಾರದು ಅಂತ ಕೂಗಿದವರಲ್ಲಿ ಮಾತು ಯಾರದು ಅಂತ ಕೇಳಿದವರು ನಮ್ಮ ಕಣ್ಣಿಗೆ ಬೀಳಲಿಲ್ಲ. 2024ರಲ್ಲಿ ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಅಂತ ಕಾನೂನು ಮಾಡಿಸಿಕೊಂಡೆವು. ಬೋರ್ಡಿನ ಅಳತೆಗೆ ಟೇಪು ಹಿಡಿದ ಹುಡುಗರೇ, ಬೋರ್ಡಿನ ಒಳಗಿನ ಕನ್ನಡವನ್ನೂ ಒಮ್ಮೆ ಓದಿ. 'ಅನ್ನು ಪಡೆಯಿರಿ', 'ಈಗ ಲಭ್ಯ'. ಶೇಕಡಾ 60 ಹೆಣ!

ನೀವು ಕಾಲೇಜಿನಲ್ಲಿ ನಾಟಕ ಬರೆಯುತ್ತೀರಿ, ಗೆಳೆಯರನ್ನು ಸೇರಿಸಿ ಕಿರುಚಿತ್ರ ಮಾಡುತ್ತೀರಿ. ಮೂವತ್ತು ಸೆಕೆಂಡಿನ ಕನ್ನಡ ಬರೆದು ನೋಡಿದ್ದೀರಾ? ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ, ಬಸ್ಸಿನ ಕಂಡಕ್ಟರು, ಕಂಪನಿ ನಾಟಕದ ಹಾಸ್ಯಗಾರ ಎಲ್ಲರಿಗೂ ಗೊತ್ತಿರುವ ವಿದ್ಯೆ ಅದು: ಕಡಿಮೆ ಮಾತಿನಲ್ಲಿ ಗಿರಾಕಿಯನ್ನು ನಿಲ್ಲಿಸುವುದು. ಅದನ್ನು ಕಲಿತು ಆ ಕಚೇರಿಗಳಿಗೆ ನುಗ್ಗಿ. ಅನುವಾದದ ಕೆಲಸ ಕೊಟ್ಟರೆ, ಮೂಲ ಬರೆಯಲು ಕೊಡಿ ಅಂತ ಕೇಳಿ. ನಂದಿನಿ ಹಾಲು, ಮೈಸೂರು ಸ್ಯಾಂಡಲ್, ಕೆಎಸ್ಸಾರ್ಟಿಸಿ, ಇವುಗಳ ಜಾಹೀರಾತು ಮೊದಲು ಕನ್ನಡದಲ್ಲಿ ಹುಟ್ಟಿ, ಬೇಕಿದ್ದರೆ ಆಮೇಲೆ ಇಂಗ್ಲಿಷಿಗೆ ಹೋಗಲಿ ಅಂತ ಮಂತ್ರಿಗಳ ಮುಂದೆ ಕೂತು ಹಟ ಹಿಡಿಯಿರಿ. ಹಾಗೇ 'ತಾರಾ'ವನ್ನು ಕನ್ನಡದಲ್ಲಿ ಆಡಿ. ಭಾರತಿ ಕನ್ನಡದಲ್ಲಿ ಅಳುವುದನ್ನು ಚೌಡಯ್ಯ ಹಾಲ್ ಕೇಳಲಿ.

ಇವತ್ತು ರಾತ್ರಿಯೇ ಒಂದು ಹಾಳೆ, ಪೆನ್ನು ಹಿಡಿದು ಟಿವಿ ಮುಂದೆ ಕೂರಿ. 'ತ್ವಚೆ' ಅಂದ ಕಂಪನಿಯ ಹೆಸರು ಬರೆದುಕೊಳ್ಳಿ. ದೂರಿನ ವಿಳಾಸ ಪೊಟ್ಟಣದ ಬೆನ್ನಿಗೇ ಅಚ್ಚಾಗಿರುತ್ತದೆ. ಕಾಗದ ಕನ್ನಡದಲ್ಲೇ ಬರೆಯಿರಿ. ಅನುವಾದ ಮಾಡಿಸಿಕೊಳ್ಳುವ ಸರದಿ ಈ ಸಲ ಅವರದಾಗಲಿ.