ಹುಬ್ಬಳ್ಳಿಯಿಂದ ಆಕಾಶದ ಸ್ಫೋಟಗಳವರೆಗೆ

ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಂತಹ ಹಳ್ಳಿಗಳಲ್ಲಿ ಬದುಕುವವರಿಗೆ ಒಂದು ಭಾಗ್ಯವಿದೆ. ದೊಡ್ಡ ನಗರಗಳ ವಿದ್ಯುತ್ ದೀಪಗಳ ಹಾವಳಿ ಅಲ್ಲಿಲ್ಲ. ಅಮಾವಾಸ್ಯೆಯ ಆಸುಪಾಸಿನಲ್ಲಿ ಇಶಾ ನಮಾಝ್ ಮುಗಿಸಿ ಅಂಗಳಕ್ಕೆ ಬಂದರೆ ತಲೆಯ ಮೇಲೆ ನಕ್ಷತ್ರಗಳ ಚಪ್ಪರವೇ ಕಾಣುತ್ತದೆ. ಬೆಂಗಳೂರಿನ ಮಕ್ಕಳಿಗೆ ಈ ನೋಟ ಸಿಗುವುದು ಅಪರೂಪ.

ಆದರೆ ನಾವು ನೋಡುವ ಆ ಬೆಳಕು ಇಂದಿನದಲ್ಲ. ಸೌದಿಯಲ್ಲಿದ್ದ ಮಗ ಬರೆದ ಪತ್ರ ವಾರಗಳ ನಂತರ ತಾಯಿಯ ಕೈ ಸೇರುತ್ತಿದ್ದ ಕಾಲವೊಂದಿತ್ತು. ತಾಯಿ ಓದುತ್ತಿದ್ದುದು ಮಗನ ಹಳೆಯ ಸುದ್ದಿಯನ್ನು. ನಕ್ಷತ್ರದ ಬೆಳಕೂ ಹಾಗೆಯೇ. ಸೂರ್ಯನ ಬೆಳಕು ನಮ್ಮನ್ನು ತಲುಪಲು ಎಂಟು ನಿಮಿಷಕ್ಕೂ ಸ್ವಲ್ಪ ಹೆಚ್ಚು ಸಮಯ ಬೇಕು. ರಾತ್ರಿಯ ಅತ್ಯಂತ ಪ್ರಕಾಶಮಾನ ನಕ್ಷತ್ರವಾದ ಲುಬ್ಧಕದಿಂದ ಬರಲು ಎಂಟೂವರೆ ವರ್ಷ ಬೇಕು. ಹತ್ತನೇ ಶತಮಾನದಲ್ಲಿ ಅಬ್ದುರ್ರಹ್ಮಾನ್ ಅಸ್ಸೂಫಿ ಎಂಬ ಮುಸ್ಲಿಮ್ ಖಗೋಳ ವಿಜ್ಞಾನಿ 'ಸಣ್ಣ ಮೋಡ' ಎಂದು ಗುರುತಿಸಿದ ಆಂಡ್ರೊಮಿಡಾ ಗೆಲಾಕ್ಸಿಯ ಬೆಳಕು 25 ಲಕ್ಷ ವರ್ಷಗಳ ಹಿಂದೆ ಹೊರಟದ್ದು. ಹೆಚ್ಚು ದೂರ ನೋಡಿದಷ್ಟೂ ಹೆಚ್ಚು ಹಿಂದಿನ ಕಾಲವನ್ನು ನೋಡುತ್ತೇವೆ. ಹಾಗಾದರೆ ಗೆಲಾಕ್ಸಿಗಳು ಹುಟ್ಟಿದ ಮೊದಲ ದಿನಗಳನ್ನೂ ನೋಡಬಹುದೇ?

ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿ ನಮ್ಮ ನೆರೆಯವರೊಬ್ಬರ ಪಾಲೂ ಇದೆ. ಲಕ್ಕಲಕಟ್ಟಿಯವರು ಬಸ್ಸಿಗೆ ಕುಳಿತು ಗದಗ ದಾಟಿದರೆ ಹುಬ್ಬಳ್ಳಿ. ಅಲ್ಲಿ ಬೆಳೆದವರು ಶ್ರೀನಿವಾಸ ಕುಲಕರ್ಣಿ. 1956ರಲ್ಲಿ ಕುರುಂದವಾಡದಲ್ಲಿ ಜನಿಸಿದ ಇವರು ದಿಲ್ಲಿಯ ಐಐಟಿಯಲ್ಲಿ ಓದಿ, ಅಮೆರಿಕದ ಬರ್ಕ್ಲಿಯಲ್ಲಿ 1983ರಲ್ಲಿ ಡಾಕ್ಟರೇಟ್ ಪಡೆದರು. ನಂತರ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ವಿದ್ಯಾರ್ಥಿಯಾಗಿದ್ದಾಗಲೇ, 1982ರಲ್ಲಿ, ಒಂದು ಸೆಕೆಂಡಿಗೆ 642 ಬಾರಿ ಬುಗುರಿಯಂತೆ ತಿರುಗುವ ನಕ್ಷತ್ರವೊಂದನ್ನು ಪತ್ತೆ ಹಚ್ಚಿದ ತಂಡದಲ್ಲಿ ಅವರಿದ್ದರು. 2024ರಲ್ಲಿ ಅವರಿಗೆ ಖಗೋಳ ವಿಜ್ಞಾನದ ಶಾ ಪ್ರಶಸ್ತಿ ದೊರೆಯಿತು.

ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ದೊಡ್ಡ ಕೆಲಸವೊಂದು ಗಾಮಾ ಕಿರಣ ಸ್ಫೋಟಗಳದ್ದು. ಇದರ ಕಥೆ ಸ್ವಾರಸ್ಯಕರವಾಗಿದೆ. ರಹಸ್ಯ ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ಉಪಗ್ರಹಗಳಿಗೆ 1967ರಲ್ಲಿ ಗಾಮಾ ಕಿರಣಗಳ ಮಿಂಚೊಂದು ಸಿಕ್ಕಿತು. ಅದು ಭೂಮಿಯದ್ದಲ್ಲ, ಆಕಾಶದ್ದು ಎಂದು ತಿಳಿಯಿತು. ಆದರೆ ಎಲ್ಲಿಂದ? ಹತ್ತಿರದಿಂದಲೋ, ದೂರದಿಂದಲೋ? ಮೂವತ್ತು ವರ್ಷ ಯಾರಿಗೂ ಖಚಿತವಾಗಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಮಾಯವಾಗುವ ಮಿಂಚಿನ ವಿಳಾಸ ಹಿಡಿಯುವುದು ಸುಲಭವೇ? 1997ರ ಮೇ 8ರಂದು ಅಂತಹ ಒಂದು ಸ್ಫೋಟವಾದಾಗ ಕುಲಕರ್ಣಿ ಮತ್ತು ಅವರ ಸಂಗಡಿಗರು ಹವಾಯಿಯ ಬೃಹತ್ ಕೆಕ್ ದೂರದರ್ಶಕವನ್ನು ಅತ್ತ ತಿರುಗಿಸಿ, ಉಳಿದಿದ್ದ ಮಂದ ಬೆಳಕನ್ನು ಅಳೆದರು. ಅದು ಸುಮಾರು 700 ಕೋಟಿ ವರ್ಷಗಳ ಪ್ರಯಾಣ ಮಾಡಿ ಬಂದ ಬೆಳಕಾಗಿತ್ತು. ಅಷ್ಟು ದೂರದಿಂದಲೂ ಕಾಣಿಸಬೇಕಾದರೆ ಆ ಸ್ಫೋಟ ಎಷ್ಟು ಭಯಂಕರವಾಗಿರಬೇಕು! ಸೂರ್ಯ ತನ್ನ ಜೀವಮಾನವಿಡೀ ಸೂಸುವ ಶಕ್ತಿಯನ್ನು ಇಂತಹ ಸ್ಫೋಟ ಕೆಲವೇ ಸೆಕೆಂಡುಗಳಲ್ಲಿ ಹೊರಚೆಲ್ಲುತ್ತದೆ. ಇವುಗಳಲ್ಲಿ ಹೆಚ್ಚಿನವು, ಸೂರ್ಯನಿಗಿಂತ ಹಲವು ಪಟ್ಟು ದೊಡ್ಡ ನಕ್ಷತ್ರಗಳು ಇಂಧನ ಮುಗಿದು ಕುಸಿಯುವಾಗ ಆಗುವಂಥವು.

ಸ್ಫೋಟವೆಂದರೆ ನಾಶ ಮಾತ್ರ ಎಂದು ನಾವು ಭಾವಿಸುತ್ತೇವೆ. ಸೃಷ್ಟಿಕರ್ತನ ವ್ಯವಸ್ಥೆಯಲ್ಲಿ ಅದು ಹಾಗಿಲ್ಲ. ಆರಂಭದಲ್ಲಿ ವಿಶ್ವದಲ್ಲಿದ್ದುದು ಬಹುತೇಕ ಹೈಡ್ರೊಜನ್ ಮತ್ತು ಹೀಲಿಯಂ ಅನಿಲಗಳು ಮಾತ್ರ. ನಾವು ಉಸಿರಾಡುವ ಆಮ್ಲಜನಕ, ಎಲುಬಿನ ಕ್ಯಾಲ್ಸಿಯಂ, ರಕ್ತದಲ್ಲಿನ ಕಬ್ಬಿಣ ಎಲ್ಲವೂ ನಕ್ಷತ್ರಗಳ ಒಡಲಲ್ಲಿ ಅಥವಾ ಅವು ಸಿಡಿಯುವಾಗ ತಯಾರಾದವು. ಕುರ್‌ಆನಿನ 57ನೇ ಅಧ್ಯಾಯಕ್ಕೆ 'ಅಲ್ ಹದೀದ್', ಅಂದರೆ ಕಬ್ಬಿಣ ಎಂದೇ ಹೆಸರು. ಜೋಳದ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಎಂದೋ ಸಿಡಿದ ನಕ್ಷತ್ರಗಳ ಕೊಡುಗೆ. ಮಹ್ರ್ ಆಗಿ ವಧುವಿನ ಕೈ ಸೇರುವ ಚಿನ್ನದ್ದು ಇನ್ನೂ ಅಪರೂಪದ ಕಥೆ. 2017ರ ಆಗಸ್ಟ್ 17ರಂದು, 13 ಕೋಟಿ ಬೆಳಕಿನ ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಕ್ಕೊಂದು ಬಡಿದ ಸುಳಿವು ವಿಜ್ಞಾನಿಗಳಿಗೆ ಸಿಕ್ಕಿತು. ಚಿನ್ನದಂತಹ ಭಾರವಾದ ಧಾತುಗಳು ಹುಟ್ಟುವ ಟಂಕಸಾಲೆ ಇಂತಹ ಡಿಕ್ಕಿ ಎಂಬುದಕ್ಕೆ ಅಂದು ಬಲವಾದ ಪುರಾವೆ ದೊರೆಯಿತು.

ವಿಶ್ವದ ಪ್ರಾಯ ಸುಮಾರು 1380 ಕೋಟಿ ವರ್ಷ. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕವು ವಿಶ್ವಕ್ಕೆ ಮೂವತ್ತು ಕೋಟಿ ವರ್ಷವೂ ತುಂಬದಿದ್ದಾಗಿನ ಗೆಲಾಕ್ಸಿಗಳನ್ನು ಕಂಡಿದೆ. ಅಷ್ಟು ಬೇಗ ಅವು ಅಷ್ಟೊಂದು ಪ್ರಕಾಶಮಾನವಾಗಿ ಬೆಳೆದದ್ದು ಹೇಗೆ ಎಂಬುದು ವಿಜ್ಞಾನಿಗಳ ನಿದ್ದೆಗೆಡಿಸಿದೆ. 2025ರ ಮಾರ್ಚ್ 14ರಂದು ಕೆಲವು ಸೆಕೆಂಡುಗಳ ಗಾಮಾ ಮಿಂಚೊಂದು ಕಾಣಿಸಿತು. ಅದು ವಿಶ್ವಕ್ಕೆ ಸುಮಾರು 73 ಕೋಟಿ ವರ್ಷವಾಗಿದ್ದಾಗ ಸಿಡಿದ ನಕ್ಷತ್ರದ್ದು. ಕತ್ತಲ ಕೋಣೆಯಲ್ಲಿ ಗೀರಿದ ಬೆಂಕಿಕಡ್ಡಿಯಂತೆ ಇಂತಹ ಸ್ಫೋಟಗಳು ಆದಿಕಾಲದ ಗೆಲಾಕ್ಸಿಗಳನ್ನು ಕ್ಷಣಕಾಲ ಬೆಳಗಿ ತೋರಿಸುತ್ತವೆ.

ಇಂತಹ ಕಡ್ಡಿ ಎಲ್ಲಿ, ಯಾವಾಗ ಹೊತ್ತಿಕೊಳ್ಳುತ್ತದೆ ಎಂದು ಮೊದಲೇ ತಿಳಿಯದು. ಅದಕ್ಕಾಗಿ ಇಡೀ ಆಕಾಶವನ್ನು ಕಾಯಬೇಕು. ಕುಲಕರ್ಣಿಯವರು ಪಾಲೋಮರ್ ಬೆಟ್ಟದಲ್ಲಿ ಸ್ಥಾಪಿಸಿದ ಯೋಜನೆಯ ಕ್ಯಾಮೆರಾ 2018ರಿಂದ ಉತ್ತರದ ಆಕಾಶವನ್ನು ಎರಡು ಮೂರು ರಾತ್ರಿಗೊಮ್ಮೆ ಪೂರ್ತಿ ಚಿತ್ರೀಕರಿಸತೊಡಗಿತು. ಅವರ ಶಿಷ್ಯೆ, ಇಂದೋರಿನಲ್ಲಿ ಜನಿಸಿದ ಮಾನ್ಸಿ ಕಸ್ಲಿವಾಲ್, ಈ ಕಾವಲನ್ನು ಹಲವು ದೇಶಗಳಿಗೆ ವಿಸ್ತರಿಸಿದರು. ಒಂದು ದೇಶದಲ್ಲಿ ಬೆಳಗಾದರೆ ಇನ್ನೊಂದು ದೇಶದ ದೂರದರ್ಶಕ ಕಾವಲು ಮುಂದುವರಿಸುತ್ತದೆ. ಲಡಾಖ್‌ನ ಹಾನ್ಲೆಯ ದೂರದರ್ಶಕವೂ ಈ ಸಾಲಿನಲ್ಲಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಸೂಪರ್‌ನೋವಾಗಳ ಅಧ್ಯಯನ ನಡೆಸಿದ ಜಿ.ಸಿ. ಅನುಪಮಾ ಅವರು ಭಾರತೀಯ ಖಗೋಳ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾದರು. ರಾತ್ರಿಯೆಲ್ಲ ಕಾಯುವ ಈ ವಿದ್ಯೆಯಲ್ಲಿ ಹೆಣ್ಣುಮಕ್ಕಳು ಹಿಂದೆ ಬಿದ್ದಿಲ್ಲ.

ಇದು ನಮಗೆ ಹೊರಗಿನ ವಿದ್ಯೆಯೂ ಅಲ್ಲ. 1006ರಲ್ಲಿ ಸೂಪರ್‌ನೋವಾ ಒಂದು ಸಿಡಿದಾಗ ಅದು ಶುಕ್ರ ಗ್ರಹಕ್ಕಿಂತ ಎಷ್ಟು ದೊಡ್ಡದಾಗಿ ಕಂಡಿತು, ಚಂದ್ರನ ಬೆಳಕಿನ ಎಷ್ಟು ಪಾಲು ಅದಕ್ಕಿತ್ತು ಎಂದು ಎಚ್ಚರಿಕೆಯಿಂದ ದಾಖಲಿಸಿದವರಲ್ಲಿ ಈಜಿಪ್ಟಿನ ಅಲಿ ಇಬ್ನ್ ರಿದ್ವಾನ್ ಪ್ರಮುಖರು. ಅದನ್ನು ಕಂಡಾಗ ಅವರಿನ್ನೂ ಹದಿಹರೆಯದ ವಿದ್ಯಾರ್ಥಿ, ರೊಟ್ಟಿ ಸುಡುವವನ ಮಗ. ಆ ಬಡತನ ಅವರ ಕಲಿಕೆಗೆ ಅಡ್ಡಿಯಾಗಲಿಲ್ಲ. ಮುಂದೆ ಅವರು ಹೆಸರಾಂತ ವೈದ್ಯರಾದರು. ಅವರ ಆ ದಾಖಲೆ ಸಾವಿರ ವರ್ಷಗಳ ನಂತರವೂ ವಿಜ್ಞಾನಿಗಳಿಗೆ ಉಪಯೋಗಕ್ಕೆ ಬರುತ್ತಿದೆ.

ಆಕಾಶ ಮತ್ತು ಭೂಮಿಯ ಸೃಷ್ಟಿಯ ಕುರಿತು ಚಿಂತಿಸಿರೆಂದು ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಆ ಕರೆ ಗಂಡಸರಿಗೆ ಮಾತ್ರ ಸೀಮಿತವಲ್ಲ. ಹೀಗಿರುವಾಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಪಡೆದ ಹುಡುಗಿ ವಿಜ್ಞಾನ ಓದುತ್ತೇನೆಂದಾಗ, "ಬಸ್ಸಿನಲ್ಲಿ ದಿನಾ ಯಾರು ಕಳಿಸುತ್ತಾರೆ, ನಾಳೆ ಒಲೆ ಊದುವವಳಿಗೆ ಭೌತಶಾಸ್ತ್ರ ಯಾಕೆ?" ಎಂಬ ಮಾತು ನಮ್ಮ ಮನೆಗಳಲ್ಲಿ ಏಕೆ ಬರಬೇಕು? ಇದೇ ಕುಲಕರ್ಣಿಯವರ ಅಕ್ಕ ಸುಧಾ ಮೂರ್ತಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜು ಸೇರಿದಾಗ, ಸೀರೆಯನ್ನೇ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರೊಂದಿಗೆ ಮಾತನಾಡಬಾರದು ಎಂಬ ಷರತ್ತುಗಳಿದ್ದವು. ಆದರೂ ಅವರು ಓದಿ ಮುಗಿಸಿದರು. ಟರ್ಕಿಯ ಬುರ್ಚಿನ್ ಮುಟ್ಲು ಪಾಕ್ದಿಲ್ ಓದುವಾಗ ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಶಿರವಸ್ತ್ರಕ್ಕೆ ನಿಷೇಧವಿತ್ತು. ಇಂದು ಶಿರವಸ್ತ್ರ ಧರಿಸುವ ಆ ಖಭೌತ ವಿಜ್ಞಾನಿಯ ಹೆಸರಿನಿಂದಲೇ ಅಪರೂಪದ ಒಂದು ಗೆಲಾಕ್ಸಿಯನ್ನು ಕರೆಯಲಾಗುತ್ತಿದೆ.

ದಾರಿ ದೀರ್ಘವಾದರೂ ಮುಚ್ಚಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ, ನಂತರ ಬಿಎಸ್ಸಿ, ಎಂಎಸ್ಸಿ. ಆಮೇಲೆ ಜೆಸ್ಟ್‌ನಂತಹ ಪ್ರವೇಶ ಪರೀಕ್ಷೆ ಬರೆದು ಸಂಶೋಧನಾ ಸಂಸ್ಥೆಗಳನ್ನು ಸೇರಬಹುದು. ಅಲ್ಲಿ ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಫೆಲೋಶಿಪ್ ಹಣವೂ ದೊರೆಯುತ್ತದೆ.

ಮಗಳಿಗಾಗಿ ಗ್ರಾಂ ಗ್ರಾಂ ಚಿನ್ನ ಕೂಡಿಡುವ ತಾಯಂದಿರೇ, ಆ ಚಿನ್ನ ಎಲ್ಲಿ ಹುಟ್ಟಿತೆಂದು ಅವಳೇ ನಿಮಗೆ ಹೇಳಿಕೊಡುವಷ್ಟು ಅವಳನ್ನು ಓದಿಸಿರಿ. ಕಷ್ಟಕಾಲದಲ್ಲಿ ಚಿನ್ನವನ್ನು ಅಡವಿಡಬೇಕಾಗಬಹುದು. ಕಲಿತ ವಿದ್ಯೆಯನ್ನು ಯಾರೂ ಅಡವು ಇಟ್ಟುಕೊಳ್ಳಲಾರರು.