ವೇಗದ ಗಾಡಿಯ ಕ್ಲಚ್ಚು: ಮನೆಯಂಗಳದಲ್ಲೋ, ಕಾರ್ಖಾನೆಯಲ್ಲೋ?

ಸತ್ಯನಾರಾಯಣಪೇಟೆಯ ಗೃಹಸ್ಥರೊಬ್ಬರು ಕಳೆದ ತಿಂಗಳು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಅವರ ಮಗನು ಹಳೆಯದೊಂದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಡೀಸೆಲ್ ಗಾಡಿಯನ್ನು ಕೊಂಡು, ಅದರ ಎಂಜಿನಿನ ಬಲವನ್ನು ಇನ್ನಷ್ಟು ಹೆಚ್ಚಿಸಿಕೊಂಡಿರುವನು. ಈಗ ಅದರ ಕ್ಲಚ್ಚು ಜಾರತೊಡಗಿದೆ. ಕಾರ್ಖಾನೆಯವರು ಕೇಳುವ ಕೂಲಿಯನ್ನು ಉಳಿಸಿ, ಮಿತ್ರರನ್ನು ಕೂಡಿಕೊಂಡು, ಭಾನುವಾರದ ದಿನ ಮನೆಯ ಅಂಗಳದಲ್ಲಿಯೇ ಅದನ್ನು ಬದಲಾಯಿಸುವೆನೆಂದು ಅವನ ಹಟ. “ಆಗಲೆನ್ನಲೇ, ಬೇಡವೆನ್ನಲೇ?” ಎಂದು ತಂದೆಯ ಪ್ರಶ್ನೆ. ಇಂತಹ ಗಾಡಿಗಳೂ ಇಂತಹ ಮಕ್ಕಳೂ ಈಗ ಅನೇಕ ಮನೆಗಳಲ್ಲಿರುವುದರಿಂದ, ಉತ್ತರವನ್ನು ಎಲ್ಲ ವಾಚಕರ ಮುಂದೆಯೇ ಇಡುವುದು ಲೇಸೆಂದು ನಾವು ಎಣಿಸಿದೆವು.

ಮೊದಲು ಕ್ಲಚ್ಚೆಂದರೆ ಏನೆಂಬುದನ್ನು ತಿಳಿಯಬೇಕು. ಬಳ್ಳಾರಿಯು ಜೀನ್ಸ್ ಉಡುಪಿನ ಹೊಲಿಗೆಗೆ ಹೆಸರಾದ ಊರು. ಹಳೆಯ ಮಾದರಿಯ ಕ್ಲಚ್ ಮೋಟಾರಿನ ಹೊಲಿಗೆ ಯಂತ್ರವನ್ನು ಕಂಡವರಿಗೆ ಈ ವಿಷಯವು ಬೇಗನೆ ಮನದಟ್ಟಾಗುವುದು. ಮೇಜಿನ ಕೆಳಗೆ ಮೋಟಾರು ಎಡೆಬಿಡದೆ ತಿರುಗುತ್ತಿರುವುದು. ಸೂಜಿ ಮಾತ್ರ ನಿಂತಿರುವುದು. ದರ್ಜಿಯು ಪಾದವನ್ನು ಒತ್ತಿದೊಡನೆ ಘರ್ಷಣದ ಬಿಲ್ಲೆಯು ತಿರುಗುವ ಚಕ್ರವನ್ನು ಹಿಡಿದುಕೊಳ್ಳುವುದು, ಹೊಲಿಗೆ ಓಡುವುದು. ಮೋಟಾರು ಗಾಡಿಯಲ್ಲಿಯೂ ತತ್ತ್ವವು ಇದೇ; ಆದರೆ ಪಾದದ ಕೆಲಸವು ತಿರುವುಮುರುವು. ಅಲ್ಲಿ ಒತ್ತಿದರೆ ಕೂಡುವುದು, ಇಲ್ಲಿ ಒತ್ತಿದರೆ ಅಗಲುವುದು. ವ್ಯಾಕರಣವನ್ನು ಓದಿದವರಿಗೆ ಹೇಳುವುದಾದರೆ, ಪೆಡಲನ್ನು ಬಿಟ್ಟಾಗ ಸಂಧಿ; ತುಳಿದಾಗ ಪದಚ್ಛೇದ.

ಎಂಜಿನಿನ ತುದಿಯಲ್ಲಿ ತಿರುಗುವ ಭಾರವಾದ ಚಕ್ರಕ್ಕೆ ಫ್ಲೈವೀಲ್ ಎಂದು ಹೆಸರು. ಅದರ ಎದುರಿಗೆ ಬಲವಾದ ಸ್ಪ್ರಿಂಗುಳ್ಳ ಒತ್ತುಫಲಕ. ಇವೆರಡರ ನಡುವೆ ಸಿಕ್ಕಿರುವ ತೆಳುವಾದ ಘರ್ಷಣ ಫಲಕವೇ ಗೇರುಪೆಟ್ಟಿಗೆಗೆ ಬಲವನ್ನು ದಾಟಿಸುವುದು. ಪೆಡಲನ್ನು ತುಳಿದಾಗ ಒಂದು ಬೇರಿಂಗು ಮುಂದೆ ಸರಿದು ಸ್ಪ್ರಿಂಗನ್ನು ಒತ್ತಿ, ಫಲಕವನ್ನು ಸಡಿಲಿಸುವುದು.

ಈ ಹಿಡಿತದ ಶಕ್ತಿಯನ್ನು ಶಾಲೆಯ ಬಾಲಕನೂ ಲೆಕ್ಕ ಹಾಕಬಲ್ಲನು. ಘರ್ಷಣಾಂಕ, ಸ್ಪ್ರಿಂಗಿನ ಒತ್ತಡ, ಫಲಕದ ಸರಾಸರಿ ತ್ರಿಜ್ಯ, ಇವನ್ನು ಗುಣಿಸಿ, ಫಲಕಕ್ಕೆ ಎರಡು ಮುಖಗಳಿರುವುದರಿಂದ ಇಮ್ಮಡಿಸಬೇಕು. ಉದಾಹರಣೆಗೆ ಘರ್ಷಣಾಂಕ 0.3, ಒತ್ತಡ 5,000 ನ್ಯೂಟನ್, ತ್ರಿಜ್ಯ 9 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಹಿಡಿತವು 270 ನ್ಯೂಟನ್ ಮೀಟರ್ ಆಗುವುದು. ಮೇಲೆ ಹೇಳಿದ ಗಾಡಿಯ ಡೀಸೆಲ್ ಎಂಜಿನು ತಯಾರಾಗಿ ಬರುವಾಗ 250 ನ್ಯೂಟನ್ ಮೀಟರ್ ತಿರುಚುಬಲವನ್ನು ಕೊಡುವುದು. ನಮ್ಮ ಉದಾಹರಣೆಯ ಕ್ಲಚ್ಚು ಅದನ್ನು ತಾಳಿಕೊಳ್ಳುವುದು. ಎಂಜಿನಿನ ಬಲವನ್ನು 320ಕ್ಕೆ ಏರಿಸಿದರೆ ಅದು ಜಾರಲೇಬೇಕು. ಜಾರಿದರೆ ಕಾಯುವುದು, ಕಾಯ್ದರೆ ಸವೆಯುವುದು, ಸವೆದರೆ ಇನ್ನೂ ಜಾರುವುದು. ಆದುದರಿಂದ ಬಲವನ್ನು ಹೆಚ್ಚಿಸಿಕೊಂಡ ಗಾಡಿಗೆ ಮೊದಲಿನಂತಹ ಕ್ಲಚ್ಚನ್ನೇ ಹಾಕಿದರೆ ಹಣವು ಮತ್ತೊಮ್ಮೆ ಹೊಗೆಯಾಗಿ ಹೋಗುವುದು. ಹಾಗೆಂದು ಪಂದ್ಯದ ಗಾಡಿಗಳ ಲೋಹಮಿಶ್ರಿತ ಗಡುಸು ಫಲಕವನ್ನು ತಂದು ಹಾಕಿದರೆ, ಅದು ಥಟ್ಟನೆ ಕಚ್ಚಿಕೊಳ್ಳುವುದು; ಸಂತೆಬೀದಿಯಲ್ಲಿ ಹೆಜ್ಜೆಹೆಜ್ಜೆಗೂ ಗಾಡಿಯು ಮುಗ್ಗರಿಸುವುದು.

ಇನ್ನೊಂದು ಮಾತು. ಕ್ಲಚ್ಚನ್ನು ಬದಲಾಯಿಸುವುದು ದುರಸ್ತಿ; ಎಂಜಿನಿನ ಬಲವನ್ನು ಬದಲಾಯಿಸುವುದು ಬೇರೆಯ ವಿಷಯ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ಗೊತ್ತುಮಾಡಿದುದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ವಿಧಿಸಿದೆ. ಗೃಹಸ್ಥರು ಇದನ್ನು ಮನಸ್ಸಿನಲ್ಲಿಟ್ಟಿರಬೇಕು.

ರೋಗವನ್ನು ಗುರುತಿಸುವ ಕೆಲಸವು ಮನೆಯಲ್ಲಿಯೇ ಆಗತಕ್ಕದ್ದು. ಏರಿನಲ್ಲಿ ಮೇಲಿನ ಗೇರಿನಲ್ಲಿರುವಾಗ ಎಂಜಿನಿನ ಸದ್ದು ಏರಿ ಗಾಡಿಯ ವೇಗವು ಏರದಿದ್ದರೆ, ಕ್ಲಚ್ಚು ಜಾರುತ್ತಿದೆಯೆಂದು ತಿಳಿಯಬೇಕು. ಸುಟ್ಟ ವಾಸನೆಯು ಅದಕ್ಕೆ ಸಾಕ್ಷಿ. ಆದರೆ ಗೇರು ಬೀಳುವುದೇ ಕಷ್ಟವಾದರೆ ಫಲಕವನ್ನು ದೂರುವ ಮೊದಲು, ಪೆಡಲಿನಿಂದ ಒತ್ತಡವನ್ನು ಒಯ್ಯುವ ದ್ರವವು ಸೋರುತ್ತಿದೆಯೋ, ತಂತಿಯ ಗಾಡಿಯಾದರೆ ತಂತಿಯು ಸಡಿಲವಾಗಿದೆಯೋ ನೋಡಬೇಕು. ಪೆಡಲನ್ನು ತುಳಿದಾಗ ಮಾತ್ರ ಕಿರುಗುಟ್ಟಿದರೆ ಬೇರಿಂಗಿನ ದೋಷವಿರಬಹುದು. ಹೊರಡುವಾಗ ಗಾಡಿಯು ನಡುಗಿದರೆ ಫಲಕಕ್ಕೆ ಎಣ್ಣೆ ತಗುಲಿರಬಹುದು. ಎಂಜಿನಿನ ಹಿಂದಿನ ಸೀಲಿನಿಂದ ಎಣ್ಣೆ ಜಿನುಗುತ್ತಿದ್ದರೆ, ಅದನ್ನು ನಿಲ್ಲಿಸದೆ ಹೊಸ ಫಲಕವನ್ನು ಹಾಕುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಇನ್ನು ಬದಲಾಯಿಸುವ ಕೆಲಸಕ್ಕೆ ಬರೋಣ. ಹೇಳುವುದಾದರೆ ಅದು ಸುಲಭ. ಬ್ಯಾಟರಿಯ ತಂತಿಯನ್ನು ಬಿಡಿಸಬೇಕು. ಸ್ಟಾರ್ಟರನ್ನೂ, ಗೇರಿನ ತಂತಿಗಳನ್ನೂ, ಚಕ್ರಗಳಿಗೆ ಹೋಗುವ ದಂಡಗಳನ್ನೂ ಕಳಚಬೇಕು. ಎಂಜಿನನ್ನು ಮೇಲಿನಿಂದ ತೂಗಿ ಹಿಡಿದು ಗೇರುಪೆಟ್ಟಿಗೆಯನ್ನು ಇಳಿಸಬೇಕು. ಒತ್ತುಫಲಕದ ಬೋಲ್ಟುಗಳನ್ನು ಒಂದೊಂದನ್ನೇ ಪೂರ್ತಿ ಬಿಚ್ಚದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಹೊಸ ಫಲಕವನ್ನು ಅದರ ಮೇಲೆ ಗುರುತಿಸಿರುವ ಮಗ್ಗುಲು ಗೇರುಪೆಟ್ಟಿಗೆಯತ್ತ ಇರುವಂತೆ ಇಟ್ಟು, ನಡುವಿಗೆ ತರುವ ಉಪಕರಣದಿಂದ ಸರಿಯಾಗಿ ಮಧ್ಯದಲ್ಲಿ ನಿಲ್ಲಿಸಿ, ಬೋಲ್ಟುಗಳನ್ನು ಪುನಃ ಎದುರುಬದುರಾಗಿಯೇ ಬಿಗಿಯಬೇಕು. ಚುರುಕಾದ ಕೈಯುಳ್ಳ ತರುಣನಿಗೆ ಇದರಲ್ಲಿ ಅಸಾಧ್ಯವಾದುದು ಯಾವುದೂ ಇಲ್ಲವೆಂಬುದನ್ನು ನಾವು ಒಪ್ಪುತ್ತೇವೆ.

ಆದರೆ ಮನೆಯಂಗಳದಲ್ಲಿ ಎರಡು ವಸ್ತುಗಳಿಗೆ ಕೊರತೆ. ಒಂದು ಆಧಾರ, ಇನ್ನೊಂದು ಅಳತೆ.

ಆಧಾರದ ಮಾತನ್ನು ಮೊದಲು ಹೇಳುವೆವು. ಪ್ರಾಣದ ಮಾತು ಅದು. ಗಾಡಿಯೊಡನೆ ಬರುವ ಜಾಕಿಯು ಚಕ್ರವನ್ನು ಬದಲಾಯಿಸುವಷ್ಟು ಹೊತ್ತು ಎತ್ತಿಹಿಡಿಯುವುದಕ್ಕೆ ಮಾತ್ರ. ಅದನ್ನು ನಂಬಿ ಮನುಷ್ಯನು ಗಾಡಿಯ ಕೆಳಗೆ ನುಸುಳುವುದಕ್ಕಲ್ಲ. ಇಟ್ಟಿಗೆಯು ಮುನ್ಸೂಚನೆಯಿಲ್ಲದೆ ಸೀಳುವುದು. ನಮ್ಮ ಅಂಗಳಗಳಲ್ಲಿ ಹಾಸಿರುವ ಕಡಪದ ಕಲ್ಲು, ಕೆಳಗೆ ಮಣ್ಣು ಪೊಳ್ಳಾಗಿದ್ದರೆ, ಭಾರಕ್ಕೆ ಬಿರಿಯುವುದು. ಗೇರುಪೆಟ್ಟಿಗೆಯೇ ಸುಮಾರು 40 ಕಿಲೋ ತೂಗುವುದು. ಅಂಗಾತ ಮಲಗಿದವನ ಎದೆಯ ಮೇಲೆ ಅದನ್ನು ತೋಳುಗಳಿಂದ ಇಳಿಸಿಕೊಳ್ಳುವುದು ಸಾಹಸವಲ್ಲ, ಅವಿವೇಕ. ಅದನ್ನು ಬಿಡಿಸಲು ಗಾಡಿಯನ್ನು ಅಲುಗಾಡಿಸಬೇಕಾಗಿ ಬರುವುದರಿಂದ, ಅಪಾಯವು ಹೆಚ್ಚಾಗುವ ಗಳಿಗೆಯೂ ಅದೇ. ಕೂಲಿಯ ಹಣವನ್ನು ಉಳಿಸಲು ಹೊರಟ ಮನೆಯವರು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿರುವುದೆಂಬುದನ್ನು ನೋಡಬೇಕು.

ಇನ್ನು ಅಳತೆ. ಫ್ಲೈವೀಲಿನ ಮುಖವು ಸಮವಾಗಿದೆಯೇ, ಕಾಯ್ದು ನೀಲಿಗಟ್ಟಿದೆಯೇ, ಬಿರುಕುಗಳಿವೆಯೇ ಎಂಬುದನ್ನು ಪರೀಕ್ಷಿಸಬೇಕು. ಅನೇಕ ಡೀಸೆಲ್ ಗಾಡಿಗಳಲ್ಲಿ ಅದು ಒಂದೇ ಚಕ್ರವಾಗಿರದೆ, ನಡುಕವನ್ನು ನುಂಗುವ ಸ್ಪ್ರಿಂಗುಗಳಿಂದ ಕೂಡಿಸಿದ ಎರಡು ಭಾಗಗಳಾಗಿರುವುದು. ಅವೆರಡರ ನಡುವಿನ ಸಡಿಲವು ಮಿತಿಯೊಳಗಿದೆಯೇ ಎಂಬುದನ್ನು ಅಳೆದೇ ತಿಳಿಯಬೇಕು, ಕಣ್ಣಳತೆ ಸಾಲದು. ಈ ಇಬ್ಭಾಗದ ಚಕ್ರದ ಬೆಲೆಯು ಅನೇಕ ವೇಳೆ ಕ್ಲಚ್ಚಿನ ಬೆಲೆಯನ್ನು ಮೀರುವುದು. ಅದು ಸವೆದಿದ್ದುದನ್ನು ಕಾಣದೆ ಹೊಸ ಫಲಕವನ್ನು ಹಾಕಿ ಮುಚ್ಚಿದರೆ, ಇಡೀ ಕೆಲಸವನ್ನು ಮರಳಿ ಮಾಡಬೇಕಾಗುವುದು. ಬೋಲ್ಟುಗಳಿಗೂ ನಿಯತವಾದ ಬಿಗಿತವುಂಟು; ಅಳೆಯುವ ಪಾನೆಯಿಲ್ಲದೆ ಅದು ಸಿದ್ಧಿಸದು. ಗೇರುಪೆಟ್ಟಿಗೆಯನ್ನು ಸೇರಿಸುವಾಗ ಅದರ ಭಾರವನ್ನು ಫಲಕದ ಮೇಲೆ ನೇತುಬಿಟ್ಟರೆ, ಹೊಸ ಫಲಕವು ಮೊದಲ ದಿನವೇ ಬಾಗುವುದು.

ಆದುದರಿಂದ ನಮ್ಮ ಉತ್ತರವಿದು. ಸಮತಟ್ಟಾದ ಗಟ್ಟಿ ಕಾಂಕ್ರೀಟಿನ ನೆಲ, ತೂಕಕ್ಕೆ ತಕ್ಕ ಉಕ್ಕಿನ ಸ್ಟ್ಯಾಂಡುಗಳು, ಎಂಜಿನನ್ನು ತೂಗಿ ಹಿಡಿಯುವ ಅಡ್ಡದಂಡ, ಗೇರುಪೆಟ್ಟಿಗೆಗೆಂದೇ ಮಾಡಿದ ಜಾಕಿ, ಬಿಗಿತವನ್ನಳೆಯುವ ಪಾನೆ, ಆ ಗಾಡಿಯ ದುರಸ್ತಿಯ ಕೈಪಿಡಿ, ಈ ಕೆಲಸವನ್ನು ಮೊದಲೇ ಮಾಡಿದ ಒಬ್ಬ ಅನುಭವಸ್ಥ: ಇವೆಲ್ಲವೂ ಇದ್ದರೆ ಮನೆಯಲ್ಲಿ ಮಾಡಬಹುದು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕಾರ್ಖಾನೆಗೇ ಒಯ್ಯಬೇಕು. ಇವನ್ನೆಲ್ಲ ಒಂದು ಸಲದ ಕೆಲಸಕ್ಕಾಗಿ ಕೊಳ್ಳಹೊರಟರೆ ಉಳಿತಾಯದ ಮಾತೇ ಉಳಿಯದು. 2003ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯು ಬಳಕೆಗೆ ತಂದಂತಹ ಎರಡು ಕ್ಲಚ್ಚುಗಳ ಸ್ವಯಂಚಾಲಿತ ಗೇರುಪೆಟ್ಟಿಗೆಯಾದರೆ ಚರ್ಚೆಯೇ ಬೇಡ. ಅದಕ್ಕೆ ವಿಶೇಷ ಉಪಕರಣಗಳು ಬೇಕು. ಎಲ್ಲಿಯೇ ಮಾಡಲಿ, ಒಳಗಿನ ಕರಿಯ ಧೂಳನ್ನು ಬಾಯಿಂದಾಗಲಿ ಗಾಳಿಯಿಂದಾಗಲಿ ಊದಕೂಡದು. ಹಳೆಯ ಫಲಕಗಳಲ್ಲಿ ಕಲ್ನಾರು ಇರಬಹುದು; ಅದು ಶ್ವಾಸಕೋಶಕ್ಕೆ ವಿಷ. ಧೂಳನ್ನು ಒದ್ದೆಮಾಡಿ ಒರೆಸಬೇಕು, ಮಕ್ಕಳನ್ನು ದೂರವಿಡಬೇಕು.

ಕಾರ್ಖಾನೆಗೆ ಕೊಟ್ಟ ಮಾತ್ರಕ್ಕೆ ಯಜಮಾನನ ಕರ್ತವ್ಯವು ಮುಗಿಯಲಿಲ್ಲ. ಫಲಕ, ಒತ್ತುಫಲಕ, ಬೇರಿಂಗು, ಈ ಮೂರನ್ನೂ ಒಟ್ಟಿಗೆ ಬದಲಾಯಿಸುವರೇ? ಫ್ಲೈವೀಲನ್ನು ಅಳೆದು ತೋರಿಸುವರೇ? ಸೀಲುಗಳನ್ನು ನೋಡುವರೇ? ಹಳೆಯ ಭಾಗಗಳನ್ನು ಹಿಂದಕ್ಕೆ ಕೊಡುವರೇ? ಈ ನಾಲ್ಕು ಪ್ರಶ್ನೆಗಳನ್ನು ಮೊದಲೇ ಕೇಳಿ, ಉತ್ತರವನ್ನು ಬರೆಯಿಸಿಕೊಳ್ಳಬೇಕು. ಗೇರುಪೆಟ್ಟಿಗೆಯು ಇಳಿದ ಹೊತ್ತಿಗೆ ಮಗನನ್ನು ಅಲ್ಲಿ ನಿಲ್ಲಿಸಿರಿ. ಕಲಿಯುವ ಆಸೆಯುಳ್ಳವನು ಒಂದು ದಿನದಲ್ಲಿ ಬಹಳ ಕಲಿಯುವನು. ಒಳ್ಳೆಯ ಕೆಲಸಗಾರನು ನೋಡುವ ಕಣ್ಣಿಗೆ ಅಂಜುವುದಿಲ್ಲ.

ಹೊಸ ಕ್ಲಚ್ಚನ್ನು ಮೊದಲ ಕೆಲವು ನೂರು ಕಿಲೋಮೀಟರುಗಳವರೆಗೆ ಮೃದುವಾಗಿ ಬಳಸಬೇಕು. ಫಲಕವೂ ಚಕ್ರವೂ ಒಂದಕ್ಕೊಂದು ಹೊಂದಿಕೊಳ್ಳುವುದಕ್ಕೆ ಅಷ್ಟು ಕಾಲ ಬೇಕು. ಆಮೇಲೆಯೂ ಅದರ ಆಯುಸ್ಸು ಎಡಗಾಲಿನಲ್ಲಿರುವುದು. ತೋರಣಗಲ್ಲಿನ ದಾರಿಯಲ್ಲಿ ಲಾರಿಗಳ ಹಿಂದೆ ನಿಂತಾಗ ಗೇರನ್ನು ತಪ್ಪಿಸಿ ಕಾಲನ್ನು ಪೆಡಲಿನಿಂದ ಪೂರ್ತಿಯಾಗಿ ತೆಗೆಯಬೇಕು. ಸಂಡೂರಿನ ಏರಿನಲ್ಲಿ ಗಾಡಿಯನ್ನು ಅರೆಕ್ಲಚ್ಚಿನಿಂದ ತಡೆದು ನಿಲ್ಲಿಸದೆ ಕೈಬ್ರೇಕನ್ನು ಹಾಕಬೇಕು. ಓಡುವಾಗ ಪೆಡಲಿನ ಮೇಲೆ ಪಾದವನ್ನು ಸುಮ್ಮನೆ ಇರಿಸಿಕೊಳ್ಳುವ ಅಭ್ಯಾಸವನ್ನು ಇಂದೇ ಬಿಡತಕ್ಕದ್ದು. ಇಷ್ಟನ್ನು ಪಾಲಿಸಿದರೆ, ಅಂಗಳವೋ ಕಾರ್ಖಾನೆಯೋ ಎಂಬ ಪ್ರಶ್ನೆಯು ಆ ಮನೆಗೆ ಬಹುಕಾಲ ಮರಳಿ ಬಾರದು.